ಗಾಡಿಯ ಹಿಂದಿನ ಅರ್ಧ

ಗವಿಸಿದ್ದಪ್ಪ ಮೂವತ್ತೆರಡು ವರ್ಷ ಸರ್ಕಾರಿ ಬಸ್ಸು ಓಡಿಸಿ ಮೇ ತಿಂಗಳ ಕೊನೆಯ ದಿನ ನಿವೃತ್ತನಾದ. ಡಿಪೋದಲ್ಲಿ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಇನ್ನು ಮೇಲೆ ಮನೆಯಲ್ಲಿ ಆರಾಮಾಗಿರಿ ಎಂದು ಮೂವರು ಮಾತಾಡಿದರು. ಅವನು ಆರಾಮಾಗಿದ್ದದ್ದು ಹನ್ನೊಂದು ದಿನ. ಹನ್ನೆರಡನೆಯ ದಿನ ಬೆಳಿಗ್ಗೆ ಇಸ್ತ್ರಿ ಅಂಗಿ ಹಾಕಿಕೊಂಡು ಬಳ್ಳಾರಿಯ ಬೆಂಗಳೂರು ರೋಡಿನ ಕಡೆ ಹೋದವನು ಊಟದ ಹೊತ್ತಿಗೆ ಬಂದ. ಕೂತು ರೊಟ್ಟಿ ಮುರಿಯುತ್ತಾ, ಬೈಕು ಬುಕ್ ಮಾಡಿ ಬಂದೀನಿ ಎಂದ.

ಹೆಂಡತಿ ಚನ್ನವೀರಮ್ಮ ಮಜ್ಜಿಗೆ ಹಾಕುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

"ಯಾರಿಗೆ?"

"ನನಗ."

"ಸ್ಕೂಟರ್ ಐತಲ್ರಿ."

"ಸ್ಕೂಟರ್ ಕಾಯಿಪಲ್ಯ ತರಾಕ."

ಬೈಕು ಬಂದದ್ದು ಜುಲೈ ಮೊದಲ ವಾರ. ಮುನ್ನೂರೈವತ್ತು ಸಿಸಿಯ ಕ್ರೂಸರು, ಬಣ್ಣ ದಾಳಿಂಬೆ ಸಿಪ್ಪೆಯದು. ಗಿಡ್ಡಗೆ, ಉದ್ದಕೆ, ಅಗಲವಾದ ಹ್ಯಾಂಡಲ್ಲು ಹೊತ್ತು ಅದು ಪಾರ್ವತಿನಗರದ ಓಣಿಯಲ್ಲಿ ನಿಂತರೆ ಪಕ್ಕದ ಮನೆಯವರು ತಮ್ಮ ಗೇಟು ತೆರೆಯಲು ಹಿಂದುಮುಂದು ನೋಡಬೇಕಾಗುತ್ತಿತ್ತು. ಇಷ್ಟೊಂದು ಬೈಕುಗಳಿರುವಾಗ ಇದೇ ಯಾಕೆ ಎಂದು ಕೇಳಿದವರಿಗೆಲ್ಲ ಅವನ ಉತ್ತರ ಒಂದೇ. ಉಳಿದ ಬೈಕಿನ ಮೇಲೆ ಕೂತರೆ ಓಡಿಹೋಗುವ ಕಳ್ಳನ ಹಾಗೆ ಮುಂದಕ್ಕೆ ಬಗ್ಗಬೇಕು. ಇದರಲ್ಲಿ ಬೆನ್ನು ನೆಟ್ಟಗೆ, ಕೈ ಅಗಲ, ಕಾಲು ಮುಂದಕ್ಕೆ, ಬಸ್ಸಿನಲ್ಲಿ ಕೂತ ಹಾಗೆಯೇ.

ದಾವಣಗೆರೆಯಲ್ಲಿ ನರ್ಸಾಗಿರುವ ಮಗಳು ಶೀಲಾ ಫೋನಿನಲ್ಲಿ ಫೋಟೋ ನೋಡಿ, "ಅಪ್ಪಾ, ಬ್ಯಾರೆ ಏನರ ಹಾಕಿಸ್ಕೊ, ಬಿಡು. ಮೊದಲು ಎರಡು ಒಳ್ಳೇ ಹೆಲ್ಮೆಟ್ ತಗೊ" ಎಂದಳು. ಗವಿಸಿದ್ದಪ್ಪ ಆಯಿತು ಎಂದ. ಆದರೆ ಅವನ ಕಿವಿಯಲ್ಲಿ ಉಳಿದದ್ದು 'ಬ್ಯಾರೆ ಏನರ ಹಾಕಿಸ್ಕೊ' ಎಂಬ ಮಾತು ಮಾತ್ರ.

ಕೌಲ್ ಬಜಾರಿನಲ್ಲಿ ವಿಜಯಕುಮಾರನ ಅಂಗಡಿ. ಬೈಕಿಗೆ ಬೇಕಾದ, ಬೇಡವಾದ ಸಾಮಾನೆಲ್ಲ ಅಲ್ಲಿ ತೂಗುಬಿದ್ದಿರುತ್ತದೆ. ವಿಜಯಕುಮಾರನ ಮನೆಮಾತು ತೆಲುಗು. ಗಿರಾಕಿ ಯಾರೇ ಬರಲಿ, ಮೊದಲು ಗಾಡಿಯನ್ನು ಒಂದು ಸುತ್ತು ಹಾಕಿ, ನಿಟ್ಟುಸಿರು ಬಿಟ್ಟು, "ಗಾಡಿ ಸೂಪರ್ ಸಾರ್. ಆದ್ರ ಬೋಳು ಬೋಳು ಕಾಣ್ತೈತಿ" ಎನ್ನುವುದು ಅವನ ಪದ್ಧತಿ. ಗವಿಸಿದ್ದಪ್ಪನ ಮುಂದೆಯೂ ಅದನ್ನೇ ಅಂದ.

ಅಲ್ಲಿಂದ ಶುರುವಾಯಿತು. ಎಂಜಿನ್ನಿಗೆ ಪೆಟ್ಟು ಬೀಳದಂತೆ ಮುಂದೆ ದಪ್ಪ ಸ್ಟೀಲಿನ ಗಾರ್ಡು. ಅದರ ಮೇಲೆ ಎರಡು ಮಂಜಿನ ಲೈಟು. ಬಳ್ಳಾರಿಯಲ್ಲಿ ಮಂಜು ಎಲ್ಲಿ ಎಂದು ಇಬ್ಬರೂ ಕೇಳಿಕೊಳ್ಳಲಿಲ್ಲ. ಎದೆಗೆ ಗಾಳಿ ಬಡಿಯದಂತೆ ಗಾಜಿನಂಥ ವಿಂಡ್‌ಶೀಲ್ಡು. ಮೊಬೈಲ್ ಸಿಕ್ಕಿಸುವ ಹೋಲ್ಡರ್, ಹಿಡಿಗೆ ಮೆತ್ತನೆಯ ಕವಚ, ದುಂಡು ಕನ್ನಡಿಯ ಬದಲು ಅಗಲ ಕನ್ನಡಿ. ಕೊನೆಗೆ ಹಾರ್ನು. ವಿಜಯಕುಮಾರ ಆರು ಹಾರ್ನು ಒಂದಾದ ಮೇಲೊಂದು ಬಾರಿಸಿ ತೋರಿಸಿದ. ಆರನೆಯದು ಕೇಳಿದ ಕೂಡಲೇ ಗವಿಸಿದ್ದಪ್ಪನ ಮುಖ ಅರಳಿತು. ಅದು ಥೇಟ್ ಬಸ್ಸಿನ ದನಿ.

"ಅದು ಸ್ವಲ್ಪ ಜೋರೈತಿ ಸಾರ್. ಪೊಲೀಸ್ನೋರು ಕೇಳಿದ್ರ ನನ್ನ ಹೆಸರು ಹೇಳಬ್ಯಾಡ್ರಿ" ಎಂದ ವಿಜಯಕುಮಾರ.

"ನಾನು ಮೂವತ್ತೆರಡು ವರ್ಷ ಇದನ್ನೇ ಹೊಡದೀನಿ. ಯಾರೂ ಕೇಳಿಲ್ಲ."

"ಅದು ಬಸ್ಸು ಸಾರ್."

ಸಂಜೆ ಓಣಿಗೆ ತಿರುಗುವಾಗ ಅವನು ಆ ಹಾರ್ನು ಒಮ್ಮೆ ಒತ್ತಿದ. ಎದುರು ಮನೆಯ ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತಿದ್ದ ಇಬ್ಬರು ಹೆಂಗಸರು ಮೊರದ ಸಮೇತ ಎದ್ದು ನಿಂತರು. ಚನ್ನವೀರಮ್ಮ ಹೊರಗೆ ಬಂದಳು. ಬೈಕಿನ ಸುತ್ತ ನಿಧಾನವಾಗಿ ನಡೆದಳು. ಮುಂದಿನ ಗಾರ್ಡು ಮುಟ್ಟಿದಳು, ಗಾಜಿನಲ್ಲಿ ಮುಖ ನೋಡಿದಳು, ಹಿಡಿಯನ್ನು ಹಿಚುಕಿದಳು. ಆಮೇಲೆ ಹಿಂದಕ್ಕೆ ಬಂದು ನಿಂತಳು. ಅಲ್ಲಿ ಕಂಪನಿಯವರು ಕೊಟ್ಟ ಸೀಟು ಇದ್ದ ಹಾಗೇ ಇತ್ತು. ಅಂಗೈಯಗಲ ರೆಕ್ಸಿನ್ನು, ಹಿಂದಕ್ಕೆ ಇಳಿಜಾರು.

"ಎಲ್ಲಾ ಮುಂದs ಹಾಕ್ಸೀರಲ್ರಿ" ಎಂದಳು.

"ಹಿಂದ ಏನ ಹಾಕಬೇಕು?"

"ಈ ಗಾಡಿ ಹಿಂದಿನ ಅರ್ಧ ಯಾರದು?"

ನಿಜ ಹೇಳಬೇಕೆಂದರೆ ಗವಿಸಿದ್ದಪ್ಪ ಅದರ ಯೋಚನೆಯನ್ನೇ ಮಾಡಿರಲಿಲ್ಲ. ಬಸ್ಸಿನಲ್ಲಿ ಅವನ ಸೀಟಿನ ಹಿಂದೆ ಏನಿದೆಯೋ ಅದೆಲ್ಲ ಕಂಡಕ್ಟರಿಗೆ ಸೇರಿದ್ದು. ಸೀಟು ಹರಿದರೆ, ಕಿಟಕಿ ಜಾಮಾದರೆ, ಯಾರಾದರೂ ವಾಂತಿ ಮಾಡಿಕೊಂಡರೆ ಕಂಡಕ್ಟರು ನೋಡಿಕೊಳ್ಳುತ್ತಿದ್ದ. ಮುಂದಿನ ಗಾಜಿನಿಂದಾಚೆ ಇರುವ ರಸ್ತೆಯೊಂದೇ ಅವನದು.

"ನೀ ಕುಂದ್ರತೀ ಅಂತ ನನಗ ಗೊತ್ತಿರಲಿಲ್ಲ" ಎಂದ.

"ಕೇಳಿದ್ರ ಗೊತ್ತಾಗ್ತಿತ್ತು" ಎಂದು ಅವಳು ಒಳಗೆ ಹೋದಳು.

ಮರುದಿನ ಇಬ್ಬರೂ ಸ್ಕೂಟರಿನಲ್ಲಿ ಕೌಲ್ ಬಜಾರಿಗೆ ಹೋದರು, ಏಕೆಂದರೆ ಹೊಸ ಬೈಕಿನ ಹಿಂದಿನ ಸೀಟಿನಲ್ಲಿ ಕೂತು ಬರಲು ಚನ್ನವೀರಮ್ಮ ಒಪ್ಪಲಿಲ್ಲ. ಅಂಗಡಿ ತಲುಪಿದ ಮೇಲೆ ಗವಿಸಿದ್ದಪ್ಪ ಸ್ಕೂಟರಿನಲ್ಲೇ ವಾಪಸ್ ಮನೆಗೆ ಬಂದು, ಅದನ್ನಿಟ್ಟು ಬೈಕು ತೆಗೆದುಕೊಂಡು ಹೋಗಬೇಕಾಯಿತು. ಅವನು ಬರುವಷ್ಟರಲ್ಲಿ ಚನ್ನವೀರಮ್ಮ ಸ್ಟೂಲಿನ ಮೇಲೆ ಕೂತು, ಅಂಗಡಿಯ ಸೀಟುಗಳನ್ನೆಲ್ಲ ಇಳಿಸಿ, ಹೆಬ್ಬೆರಳಿನಿಂದ ಒತ್ತಿ ನೋಡುತ್ತಿದ್ದಳು. ವಿಜಯಕುಮಾರ ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದ.

ಅವಳಿಗೆ ಈ ಕೆಲಸ ಗೊತ್ತಿತ್ತು. ಬಳ್ಳಾರಿಗೆ ಬಂದ ಮೇಲೆ ಇಪ್ಪತ್ತು ವರ್ಷ ಅವಳು ಜೀನ್ಸ್ ಪ್ಯಾಂಟು ಹೊಲಿದವಳು. ಮೊದಲು ಒಂದು ಯೂನಿಟ್ಟಿನಲ್ಲಿ, ಆಮೇಲೆ ಮನೆಯಲ್ಲೇ ಮಷೀನು ಇಟ್ಟುಕೊಂಡು. ಯಾವ ಬಟ್ಟೆ ಎಲ್ಲಿ ಸವೆಯುತ್ತದೆ, ಯಾವ ಹೊಲಿಗೆ ಎಷ್ಟು ಎಳೆತ ತಡೆಯುತ್ತದೆ ಎಂದು ಅವಳ ಬೆರಳಿಗೇ ಗೊತ್ತು.

"ಈ ಫೋಮು ಎರಡು ತಿಂಗಳಿಗೆ ಕುಸೀತೈತಿ" ಎಂದಳು. "ಇದು ಗಟ್ಟಿ. ಇದರ ಮ್ಯಾಲೆ ಒಂದು ಬೆರಳು ಮೆತ್ತಂದು ಹಾಕ್ರಿ. ಇಳಿಜಾರು ಬ್ಯಾಡ, ಮಟ್ಟಸ ಇರ್ಲಿ. ಕವರ್ ನಾನs ಹೊಲೀತೀನಿ. ನಮ್ಮೂರ ಬಿಸಿಲಾಗ ಕರೀ ರೆಕ್ಸಿನ್ ಮ್ಯಾಲೆ ಕುಂತ್ರ ರೊಟ್ಟಿ ಬೆಂದಂಗ ಬೇಯಬೇಕಾಗ್ತೈತಿ."

"ಚೂಡಂಡಿ, ನೋಡ್ರಿ ಅಮ್ಮಾ, ಇದು ಬ್ಯಾಕ್‌ರೆಸ್ಟು" ಎಂದು ವಿಜಯಕುಮಾರ ಬೆನ್ನಿಗೆ ಒರಗುವ ಒಂದು ದಿಂಬಿನ ಚೌಕಟ್ಟು ತಂದಿಟ್ಟ.

ಅವಳು ನಿಂತ ಬೈಕಿನ ಮೇಲೆ ಸೀರೆ ಸರಿಪಡಿಸಿಕೊಂಡು ಎಡಕ್ಕೆ ಎರಡೂ ಕಾಲು ಇಳಿಬಿಟ್ಟು ಕೂತಳು. ಬ್ಯಾಕ್‌ರೆಸ್ಟು ಎಡಪಕ್ಕೆಗೆ ಒತ್ತಿತು.

"ಒಂದ್ ಕಡೆ ಕುಂದ್ರೋರಿಗೆ ಬ್ಯಾರೆ ಮಾದರಿ ಇಲ್ಲೇನಪ?"

"ಇಲ್ಲಮ್ಮ. ಕಂಪನಿಯೋರು ಮಾಡೋದs ಇಲ್ಲ. ಎರಡೂ ಕಡಿ ಕಾಲು ಹಾಕಿ ಕುಂತ್ರ ಬೆನ್ನಿಗೆ ಸರಿಯಾಗಿ ಬರ್ತೈತಿ. ಹಂಗ ಬ್ಯಾಡಂದ್ರ ಹಿಡ್ಕೊಳ್ಳಾಕ ಪೈಪು, ಸೀರಿ ಚಕ್ರಕ್ಕ ಸಿಗದಂಗ ಜಾಳಿಗಿ, ಕಾಲಿಡಾಕ ಪಟ್ಟಿ ಹಾಕಿಕೊಡ್ತೀನಿ. ಬೆನ್ನಿಗೆ ಮಾತ್ರ ಏನೂ ಇರೋದಿಲ್ಲ."

ಚನ್ನವೀರಮ್ಮ ಅಲ್ಲೇ ಬಹಳ ಹೊತ್ತು ಕೂತಳು. ಒಮ್ಮೆ ಜಾಳಿಗೆ ನೋಡಿದಳು, ಒಮ್ಮೆ ಬ್ಯಾಕ್‌ರೆಸ್ಟು ನೋಡಿದಳು. ಮೂರು ವರ್ಷದಿಂದ ಅವಳಿಗೆ ಸೊಂಟದ ನೋವು. ಸಿರುಗುಪ್ಪದ ತವರಿಗೆ ಬಸ್ಸಿನಲ್ಲಿ ಹೋಗಿ ಬಂದರೆ ಎರಡು ದಿನ ಮಲಗುತ್ತಿದ್ದಳು.

"ಬ್ಯಾಕ್‌ರೆಸ್ಟು ಹಾಕು" ಎಂದಳು ಕೊನೆಗೆ. "ಜಾಳಿಗಿ ಬ್ಯಾಡ."

ಗವಿಸಿದ್ದಪ್ಪ ಅವಳ ಸೀರೆ ನೋಡಿದ.

ಹೆಲ್ಮೆಟ್ಟು ಕೊಳ್ಳುವ ಸರದಿ ಬಂದಾಗ ವಿಜಯಕುಮಾರ ಮತ್ತೊಂದು ಪೆಟ್ಟಿಗೆ ತೆಗೆದ. ಹೆಲ್ಮೆಟ್ಟಿನ ಒಳಗೆ ಅಂಟಿಸುವ ಪುಟ್ಟ ಸ್ಪೀಕರು, ಬಾಯಿಯ ಹತ್ತಿರ ಮೈಕು. ಮುಂದೆ ಕೂತವರು ಹಿಂದೆ ಕೂತವರು ಫೋನಿಲ್ಲದೆ ಮಾತಾಡಬಹುದು. "ಇಂಟರ್‌ಕಾಮ್ ಅಂತಾರ ಸಾರ್. ಎಷ್ಟೇ ಗಾಳಿ ಇರ್ಲಿ, ಪಕ್ಕದಾಗ ಕುಂತು ಮಾತಾಡಿದಂಗ."

"ಅದು ಬ್ಯಾಡ" ಎಂದ ಗವಿಸಿದ್ದಪ್ಪ ಕೂಡಲೇ. "ಗಾಡಿ ಓಡಿಸಾಗ ಡ್ರೈವರ್ ಕೂಡ ಮಾತಾಡಬಾರ್ದು. ಬಸ್ಸಿನಾಗ ಬರದು ಇಟ್ಟಿರ್ತಾರ."

"ಮನಿಯಾಗೂ ಬರದಿಟ್ಟಾರೇನ್ರಿ?" ಎಂದಳು ಚನ್ನವೀರಮ್ಮ.

ವಿಜಯಕುಮಾರ ಮುಖ ಆಕಡೆ ತಿರುಗಿಸಿ ಹಾರ್ನುಗಳನ್ನು ಒರೆಸತೊಡಗಿದ. ವಿಷಯ ಇಷ್ಟೇ: ಮೂವತ್ತೆರಡು ವರ್ಷ ಎಂಜಿನ್ನಿನ ಪಕ್ಕ ಕೂತು ಗವಿಸಿದ್ದಪ್ಪನ ಎಡಗಿವಿ ಮಂದವಾಗಿತ್ತು. ಮನೆಯಲ್ಲಿ ಅವಳು ಯಾವ ಮಾತನ್ನೂ ಎರಡು ಸಲ ಹೇಳಬೇಕಿತ್ತು. ಎರಡನೆಯ ಸಲ ಜೋರಾಗಿ ಹೇಳುವಾಗ ಸಾದಾ ಮಾತೂ ಬೈದಂತೆ ಕೇಳುತ್ತಿತ್ತು. ಎಷ್ಟೋ ಮಾತನ್ನು ಅವಳು ಹಾಗಾಗಿಯೇ ಆಡದೆ ಬಿಟ್ಟಿದ್ದಳು.

"ಹಾಕಿ ನೋಡೋಣ ಸಾರ್, ಬ್ಯಾಡಂದ್ರ ವಾಪಸ್ ತಗೋತೀನಿ" ಎಂದು ವಿಜಯಕುಮಾರ ಎರಡು ಹೆಲ್ಮೆಟ್ಟಿಗೂ ಜೋಡಿಸಿ, ಒಂದನ್ನು ಅವನ ತಲೆಗಿಟ್ಟ. ಚನ್ನವೀರಮ್ಮ ಇನ್ನೊಂದು ಹಾಕಿಕೊಂಡು ಅಂಗಡಿಯ ಹೊರಗೆ, ರಸ್ತೆಯಾಚೆ ಹೋಗಿ ಪಾನ್ ಡಬ್ಬಿ ಅಂಗಡಿಯ ಹತ್ತಿರ ನಿಂತಳು. ನಡುವೆ ಆಟೋಗಳು, ಎತ್ತಿನಗಾಡಿ, ಒಂದು ನೀರಿನ ಟ್ಯಾಂಕರು.

"ಆ ಹಾರ್ನ್ ತಗಸ್ರಿ" ಎಂದಳು, ಮೆಲ್ಲಗೆ.

ಗವಿಸಿದ್ದಪ್ಪ ಬೆಚ್ಚಿದ. ಅವಳ ದನಿ ಅಷ್ಟು ಹತ್ತಿರದಿಂದ, ಅಷ್ಟು ಮೆತ್ತಗೆ ಕೇಳಿ ಎಷ್ಟು ಕಾಲವಾಗಿತ್ತೋ. ಹಾರ್ನು ತೆಗೆಸಿದ. ಇಂಟರ್‌ಕಾಮ್ ಇಟ್ಟುಕೊಂಡ.

ಮುಂದಿನ ಒಂದು ವಾರ ಮನೆಯಲ್ಲಿ ಹೊಲಿಗೆ ಮಷೀನಿನದೇ ಸದ್ದು. ಮಿಕ್ಕಿದ್ದ ಡೆನಿಮ್ ತುಂಡಿನಲ್ಲಿ ಚನ್ನವೀರಮ್ಮ ಸೀಟಿನ ಕವರು ಹೊಲಿದಳು, ಅಂಚಿಗೆ ಜೋಡಿ ಹೊಲಿಗೆ. ಬ್ಯಾಕ್‌ರೆಸ್ಟಿಗೂ ಅದೇ ಬಟ್ಟೆಯ ತೊಡುಗೆ. ಅದಾದ ಮೇಲೂ ಮಷೀನು ನಿಲ್ಲಲಿಲ್ಲ. ಶನಿವಾರ ಸಂಜೆ ಗವಿಸಿದ್ದಪ್ಪ ಚಹಾ ಕೇಳಲು ಒಳಗೆ ಹೋದಾಗ ಅವಳು ಕನ್ನಡಿಯ ಮುಂದೆ ನಿಂತಿದ್ದಳು. ಮೊಣಕಾಲಿನ ಕೆಳಗೆ ಇಳಿಯುವ ಹಸಿರು ಕಾಟನ್ ಕುರ್ತಾ, ಅದರ ಕೆಳಗೆ ಅಗಲ ಕಾಲಿನ ನೀಲಿ ಜೀನ್ಸ್ ಪ್ಯಾಂಟು.

"ಇಪ್ಪತ್ತು ವರ್ಷ ಮಂದಿಗೆ ಹೊಲದೀನಿ" ಎಂದಳು ಅವನತ್ತ ತಿರುಗದೆ. "ಒಂದು ನನಗೂ ಹೊಲಕೊಂಡೆ. ಹೆಂಗೈತಿ?"

ಗವಿಸಿದ್ದಪ್ಪ ಬಾಗಿಲಿಗೆ ಒರಗಿ ನೋಡಿದ. ಐವತ್ತೈದರ ಹೆಂಡತಿ ಹೊಸ ಬಟ್ಟೆಯಲ್ಲಿ ನಿಂತು ಹೀಗೆ ಕೇಳಿದಾಗ ಏನು ಹೇಳಬೇಕೆಂದು ಅವನಿಗೆ ಯಾರೂ ಕಲಿಸಿರಲಿಲ್ಲ.

"ಸೀಟಿನದೂ ಇದs ಬಟ್ಟಿ ಅಲ್ಲ?" ಎಂದ. "ಕುಂತಮ್ಯಾಲೆ ಸೀಟು ಯಾವುದು, ನೀ ಯಾವುದು ಗೊತ್ತಾಗಂಗಿಲ್ಲ."

ಅವಳು ನಕ್ಕಳು. ಚಹಾ ಅವನೇ ಮಾಡಿಕೊಂಡ, ಅವಳಿಗೂ ಕೊಟ್ಟ.

ಭಾನುವಾರ ಹೊರಟರು. ಮೊದಲು ಕುರುಗೋಡಿನಲ್ಲಿ ಬಸವೇಶ್ವರನಿಗೆ ಕಾಯಿ ಒಡೆಸುವುದು, ಅಲ್ಲಿಂದ ಬಾದನಹಟ್ಟಿಯ ಮೇಲೆ ಸಿರುಗುಪ್ಪಕ್ಕೆ, ಚನ್ನವೀರಮ್ಮನ ತಮ್ಮ ದೊಡ್ಡಬಸವರಾಜನ ಮನೆಗೆ ಊಟಕ್ಕೆ. ಮೋಡ ಮುಚ್ಚಿದ ಬೆಳಗು. ಗವಿಸಿದ್ದಪ್ಪ ಬೈಕು ಹೊರಡಿಸುವ ಮುಂಚೆ ಎರಡೂ ಟೈರು ಒದ್ದು ನೋಡಿದ, ಕನ್ನಡಿ ತಿದ್ದಿದ. ಚನ್ನವೀರಮ್ಮ ಅವನ ಭುಜ ಹಿಡಿದು, ಎರಡು ಸಲ ಪ್ರಯತ್ನಿಸಿ, ಮೂರನೆಯ ಸಲಕ್ಕೆ ಕಾಲು ದಾಟಿಸಿ ಕೂತಳು. ಓಣಿಯ ಹೆಂಗಸರು ನೋಡಿದರು. ಅವಳೂ ಅವರನ್ನು ನೋಡಿ ಕೈ ಬೀಸಿದಳು.

ಮೊದಲ ಹತ್ತು ಕಿಲೋಮೀಟರು ಅವಳು ಮಾತಾಡಿದ್ದು ಎರಡೇ: "ನಿಧಾನ" ಮತ್ತು "ಎಮ್ಮಿ." ಆಮೇಲೆ ಬೆನ್ನು ಬ್ಯಾಕ್‌ರೆಸ್ಟಿಗೆ ಒರಗಿತು, ಭುಜ ಸಡಿಲಾಯಿತು. ಕೋಳೂರು ಕ್ರಾಸಿನಲ್ಲಿ ಗವಿಸಿದ್ದಪ್ಪ ಇಂಡಿಕೇಟರ್ ಹಾಕಿ, ಎಡಕ್ಕೆ ಎಳೆದು, ಬಸ್ ಸ್ಟಾಪಿನ ಮುಂದೆ ಗಾಡಿ ನಿಲ್ಲಿಸಿದ. ತಂಗುದಾಣದಲ್ಲಿ ಕೂತಿದ್ದ ನಾಲ್ಕು ಜನ ಇವರನ್ನು ನೋಡಿದರು.

"ಯಾಕ್ರಿ, ಪೆಟ್ರೋಲ್ ಆತೇನು?"

"ಇಲ್ಲ."

"ಮತ್ತ?"

ಅವನು ಹ್ಯಾಂಡಲ್ಲು ನೋಡಿಕೊಂಡು, "ಕೈ ತಾನs ತಿರುಗಿಬಿಡ್ತು" ಎಂದ. ಅವಳು ನಕ್ಕದ್ದು ಹೆಲ್ಮೆಟ್ಟಿನೊಳಗೆ ಅವನ ಎರಡೂ ಕಿವಿ ತುಂಬಿತು. ಮಂದವಾದ ಎಡಗಿವಿಗೂ ಕೇಳಿತು.

ಕುರುಗೋಡಿನಲ್ಲಿ ದರ್ಶನವಾಯಿತು. ದೊಡ್ಡ ಬಸವಣ್ಣನ ಮುಂದೆ ಚನ್ನವೀರಮ್ಮ ಕುರ್ತಾದ ಮೇಲೆ ಸೆರಗಿನ ಹಾಗೆ ಓಢಣಿ ಹೊದ್ದು ಕೈಮುಗಿದಳು. ಬೈಕಿನ ಕೀಲಿಕೈಯನ್ನೂ ಬಸವಣ್ಣನ ಪಾದಕ್ಕೆ ಮುಟ್ಟಿಸಿ, ಕುಂಕುಮ ಹಚ್ಚಿಸಿ ತಂದಳು. ಮದುವೆಯಾದ ಮೊದಲ ಮೂರು ವರ್ಷ ಅವರಿಬ್ಬರೂ ಇದೇ ಊರಿನಲ್ಲಿ, ಗವಿಸಿದ್ದಪ್ಪನ ತಾಯಿಯ ಜೊತೆ ಇದ್ದರು. ಆಗ ಅವನು ಓಡಿಸುತ್ತಿದ್ದುದು ಕುರುಗೋಡಿನಿಂದ ಸಿರುಗುಪ್ಪದ ಮೇಲೆ ಸಿಂಧನೂರಿಗೆ ಹೋಗುವ ಬಸ್ಸು. ಆ ಮನೆ ಈಗ ಬೇರೆಯವರದು. ಮುಂದೆ ಹಾದುಹೋಗುವಾಗ ನೋಡಿದರು. ಬಾಗಿಲಿಗೆ ಹೊಸ ಬಣ್ಣ ಬಂದಿತ್ತು, ಅಷ್ಟೇ.

ಬಾದನಹಟ್ಟಿಯಲ್ಲಿ ರಸ್ತೆ ಬದಿಯ ಹೋಟೆಲಿನ ಮುಂದೆ ಒಬ್ಬ ಮನುಷ್ಯ ಎರಡೂ ಕೈ ಎತ್ತಿ ರಸ್ತೆಗೇ ಇಳಿದ. ಎರ್ರೆಪ್ಪ. ಅದೇ ಸಿಂಧನೂರು ಬಸ್ಸಿನಲ್ಲಿ ಗವಿಸಿದ್ದಪ್ಪನಿಗೆ ಕಂಡಕ್ಟರಾಗಿದ್ದವನು, ಎರಡು ವರ್ಷದ ಹಿಂದೆ ನಿವೃತ್ತನಾಗಿ ಸ್ವಂತ ಊರಿನಲ್ಲಿ ಮೆಣಸಿನಕಾಯಿ ಬೆಳೆಯುತ್ತಿದ್ದ.

"ಗವಿಸಿದ್ದಣ್ಣ, ಇದೇನ ಅವತಾರ" ಎಂದ. ಚನ್ನವೀರಮ್ಮ ಹೆಲ್ಮೆಟ್ಟು ತೆಗೆದಾಗ ಎತ್ತಿದ್ದ ಕೈ ಇಳಿಸಿ ಮುಗಿದ. "ಅಕ್ಕಾರು. ನಾನು ಯಾರೋ ಕಾಲೇಜ್ ಹುಡುಗಿ ಅನಕೊಂಡೆ. ಬರ್ರಿ, ಬರ್ರಿ."

ಮಂಡಕ್ಕಿ ವಗ್ಗರಣೆ, ಬಿಸಿ ಮಿರ್ಚಿ, ಚಹಾ ಬಂತು. ಎರ್ರೆಪ್ಪ ಬೈಕಿನ ಒಂದೊಂದು ಸಾಮಾನನ್ನೂ ಕೇಳಿ ತಿಳಿದುಕೊಂಡ. ಹೆಲ್ಮೆಟ್ಟಿನಲ್ಲಿ ಮಾತಾಡುವುದೆಂದರೆ ಅವನಿಗೆ ನಂಬಿಕೆ ಬರಲಿಲ್ಲ. ಹಾಕಿಕೊಂಡು, "ಹೋಲ್ಡಾನ್, ರೈಟ್" ಎಂದು ಕೂಗಿ ನೋಡಿದ. ಆಮೇಲೆ ಚಹಾ ಕುಡಿಯುತ್ತಾ ಹಳೆಯದು ನೆನಪಾಯಿತು.

"ಅಕ್ಕಾರು ಆವಾಗ ವಾರಕ್ಕೊಮ್ಮಿ ನಮ್ಮ ಬಸ್ಸಿಗೆ ಬರೋರು. ನಾನು ಟಿಕೆಟ್ ಬ್ಯಾಡ್ರಿ ಅಂದ್ರ ಕೇಳ್ತಿರಲಿಲ್ಲ. ಸಿರುಗುಪ್ಪದಾಗ ಇಳಿದು, ಸ್ಟ್ಯಾಂಡಿನಾಗs ಕುಂತು, ಮುಂದಿನ ಬಸ್ಸಿಗೆ ವಾಪಸ್. ನಾನs ಆ ಬಸ್ಸಿನ ಕಂಡಕ್ಟರಿಗೆ ಹೇಳಿ ಸೀಟು ಇಡಸ್ತಿದ್ದೆ."

ಚನ್ನವೀರಮ್ಮ ಮಿರ್ಚಿಯ ತೊಟ್ಟು ಹಿಡಿದು ತಟ್ಟೆ ನೋಡಿದಳು. ಗವಿಸಿದ್ದಪ್ಪ, "ಸ್ಟ್ಯಾಂಡಿನಾಗ ಕುಂತು ಅಂದ್ರ? ತವರಮನಿಗೆ ಹೋಗ್ತಿರಲಿಲ್ಲ?" ಎಂದ.

"ಎಲ್ಲಿ? ಅರ್ಧ ತಾಸಿನಾಗ ವಾಪಸ್ ಬಸ್ಸು" ಎಂದ ಎರ್ರೆಪ್ಪ. ಮಾತು ಎಲ್ಲೋ ತಪ್ಪಿತೆಂದು ಅವನಿಗೂ ಅನಿಸಿರಬೇಕು. ಎದ್ದು ಇನ್ನೆರಡು ಮಿರ್ಚಿ ಹೇಳಲು ಹೋದ.

ಬಾದನಹಟ್ಟಿ ಬಿಟ್ಟ ಮೇಲೆ ಬಹಳ ಹೊತ್ತು ಕಿವಿಯಲ್ಲಿ ಒಬ್ಬರ ಉಸಿರು ಒಬ್ಬರಿಗೆ ಕೇಳುತ್ತಿತ್ತು. ಎರಡೂ ಕಡೆ ಎರೆಹೊಲ ಮುಗಿದು ಗದ್ದೆ ಶುರುವಾಯಿತು. ಕಾಲುವೆಗೆ ನೀರು ಬಂದಿತ್ತು, ನಾಟಿಯ ಹೆಂಗಸರು ಸಾಲಾಗಿ ಬಗ್ಗಿದ್ದರು.

"ಎಡಕ್ಕ ಮೂರನೇ ಸೀಟು, ಕಿಟಕಿ ಬಾಜು" ಎಂದ ಗವಿಸಿದ್ದಪ್ಪ. "ಅಲ್ಲೇ ಕುಂದ್ರತಿದ್ದಿ."

"ನಿಮಗ ಗೊತ್ತಿತ್ತಾ?"

"ಕನ್ನಡ್ಯಾಗ ಕಾಣೋದಿಲ್ಲೇನು? ಎಲ್ಲಾ ಕಾಣ್ತೈತಿ."

"ಮತ್ತ ಒಮ್ಮಿನೂ ಕೇಳಲಿಲ್ಲ."

"ಅವ್ವನ ಕೂಡ ಜಗಳಾಡಿ ತವರಮನಿಗೆ ಹೊಂಟಾಳ ಅನಕೊಂಡೆ. ಸಂಜಿಗೆ ಮನಿಗೆ ಬಂದ್ರ ನೀ ಇರ್ತಿದ್ದಿ. ಸದ್ಯ ಇವತ್ತು ವಾಪಸ್ ಬಂದಾಳ ಅಂತ ಸುಮ್ನಾಗ್ತಿದ್ದೆ. ಕೇಳಿದ್ರ, ಹೌದು, ಇನ್ನ ಬರೋದಿಲ್ಲ ಅಂತೀಯೇನೋ ಅಂತ ಅಂಜಿಕಿ."

ಅವಳ ಉಸಿರು ಒಂದು ಸಲ ನಿಂತು ಮತ್ತೆ ಹೊರಟಿತು.

"ಅದಕ್ಕs ಬಳ್ಳಾರಿಗೆ ವರ್ಗ ಕೇಳ್ಕೊಂಡೆ" ಎಂದ ಅವನು. "ಬ್ಯಾರೆ ಮನಿ ಮಾಡಿದ್ರ ನೀ ಆರಾಮಿರ್ತಿ ಅಂತ."

"ನಿಮ್ಮ ಅವ್ವನ ಕೂಡ ನಾ ಒಂದ್ ದಿನಾನೂ ಜಗಳಾಡಿಲ್ರಿ" ಎಂದಳು ಚನ್ನವೀರಮ್ಮ. "ಆಕೀನs ನನಗ ಬಸ್ಸಿಗೆ ರೊಕ್ಕ ಕೊಟ್ಟು ಕಳಸ್ತಿದ್ಲು."

"ಅವ್ವ?"

"ಹೂಂ. ಮನ್ಯಾಗ ನೀವು ತಲಿ ಎತ್ತಿ ನನ್ನ ನೋಡ್ತಿರಲಿಲ್ಲ. ಉಂಡ್ರಿ, ಮಲಗಿದ್ರಿ, ಬೆಳಕಾಗೋದ್ರಾಗ ಡ್ಯೂಟಿ. ನಿಮ್ಮ ಮುಖ ಹೆಂಗೈತಿ ಅಂತ ನನಗ ಸರಿಯಾಗಿ ಗೊತ್ತಿರಲಿಲ್ಲ. ಒಮ್ಮಿ ತವರಿಗೆ ಹೋಗಾಗ ಆ ಸೀಟಿನಾಗ ಕುಂತೆ. ಕನ್ನಡ್ಯಾಗ ಪೂರಾ ಮುಖ ಕಾಣ್ತು. ಎದುರು ಲಾರಿ ಬಂದ್ರ ಹುಬ್ಬು ಗಂಟಿಕ್ಕತಿದ್ರಿ, ರಸ್ತಿ ಖಾಲಿ ಇದ್ರ ಏನೋ ಗುನುಗ್ತಿದ್ರಿ. ಚಂದ ಕಾಣ್ತು. ಮನಿಗೆ ಬಂದು ಅತ್ತಿಗೆ ಹೇಳಿದೆ. ಆಕಿ ನಕ್ಕು, ವಾರಕ್ಕೊಮ್ಮಿ ಹೋಗಿ ನೋಡಿಕೊಂಡು ಬಾ ಅಂದ್ಲು."

ಬಳ್ಳಾರಿಗೆ ವರ್ಗವಾದ ಮೇಲೆ ಗವಿಸಿದ್ದಪ್ಪನಿಗೆ ದೂರದ ರೂಟುಗಳು ಬಿದ್ದವು. ಎರಡು ದಿನಕ್ಕೊಮ್ಮೆ ಮನೆಗೆ ಬರುತ್ತಿದ್ದ. ಆ ಖಾಲಿ ದಿನಗಳಿಗೇ ಅವಳು ಜೀನ್ಸ್ ಹೊಲಿಯಲು ಸೇರಿದ್ದು. ತಾಯಿಯನ್ನು ಕುರುಗೋಡಿನಲ್ಲಿ ಬಿಟ್ಟು ಬಂದಾಗ ಆ ತಾಯಿ ಯಾಕೆ ಏನೂ ಕೇಳದೆ ಸೊಸೆಯ ಕೈ ಹಿಡಿದು ಅತ್ತಿದ್ದಳೆಂದು ಅವನಿಗೆ ಇಂದು ತಿಳಿಯಿತು. ಇದನ್ನೆಲ್ಲ ಒಂದರ ಪಕ್ಕ ಒಂದಿಟ್ಟು ನೋಡುತ್ತಾ ಅವನು ಗಾಡಿ ಓಡಿಸಿದ. ರೈಸ್‌ಮಿಲ್ಲುಗಳು ಹೋದವು, ಅಂಗಡಿಗಳು ಹೋದವು, ಬಸ್‌ಸ್ಟ್ಯಾಂಡು ಹೋಯಿತು.

ಸಿಂಧನೂರು ದಾರಿಯ ತುಂಗಭದ್ರೆಯ ಸೇತುವೆ ಎದುರಾದಾಗ ಅವನು ಬ್ರೇಕು ಹಾಕಿದ.

"ಸಿರುಗುಪ್ಪ ಹೋತಲ್ಲ" ಎಂದ.

"ಹೂಂ. ಆಗಲೇ ಹೋತು."

"ನಿನಗ ಗೊತ್ತಿತ್ತಾ? ಮತ್ತ ಹೇಳಬೇಕಿಲ್ಲೇನು?"

"ನಾ ಯಾವಾಗ್ಲೂ ಸಿರುಗುಪ್ಪದಾಗ ಇಳೀತಿದ್ದೆ" ಎಂದಳು. "ನೀವು ಮುಂದಕ್ಕ ಹೋಗಿಬಿಡ್ತಿದ್ರಿ. ಈ ದಾರಿ ಹೆಂಗೈತಿ ನೋಡಬೇಕಂತ ಆವಾಗಿಂದ ಇತ್ತು."

ಗಾಡಿಯನ್ನು ಸೇತುವೆಯ ಬದಿಗೆ ನಿಲ್ಲಿಸಿ ಇಬ್ಬರೂ ಇಳಿದರು. ಹೊಳೆ ಕೆಂಪಗೆ, ಅಗಲಕ್ಕೆ ಹರಿಯುತ್ತಿತ್ತು. ಗವಿಸಿದ್ದಪ್ಪ ಹೆಲ್ಮೆಟ್ಟು ತೆಗೆದು ಅವಳ ಪಕ್ಕ ನಿಂತ. ಈ ಸೇತುವೆ ದಾಟುವಾಗ ತಾನು ಒಮ್ಮೆಯೂ ನೀರಿನ ಕಡೆ ತಿರುಗಿ ನೋಡಿದವನಲ್ಲ ಎಂದ. ಅವಳು ಅವನ ಬಲಗಡೆಗೆ, ಚೆನ್ನಾಗಿ ಕೇಳುವ ಕಿವಿಯ ಕಡೆಗೆ ಬಂದು ನಿಂತಳು. ಒಂದು ಲಾರಿ ಹೋಯಿತು, ಸೇತುವೆ ನಡುಗಿತು. ಅವಳು ಅವನ ತೋಳು ಹಿಡಿದುಕೊಂಡಳು. ನಡುಕ ನಿಂತ ಮೇಲೂ ಬಿಡಲಿಲ್ಲ.

ದೊಡ್ಡಬಸವರಾಜನ ಮನೆಗೆ ಹೋದಾಗ ಮಧ್ಯಾಹ್ನ ಎರಡು ದಾಟಿತ್ತು. ಅವನು ಬಾಗಿಲಲ್ಲೇ ನಿಂತು ನಾಲ್ಕು ಸಲ ಫೋನು ಮಾಡಿದ್ದ. ಅವನ ಹೆಂಡತಿ ಎಲ್ಲಮ್ಮ ಗಂಡನ ಅಕ್ಕನ ಪ್ಯಾಂಟನ್ನು ಮೇಲಿಂದ ಕೆಳಗೆ ನೋಡಿ, ಕಾಲಿಗೆ ನೀರು ಕೊಟ್ಟಳು. ಬಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಅನ್ನ, ಸಾರು. ಊಟದ ನಡುವೆ ದೊಡ್ಡಬಸವರಾಜ, "ಮಾಮಾ, ಏನೇನ ಹಾಕ್ಸೀರಿ ಗಾಡಿಗೆ?" ಎಂದು ಕೇಳಿದ. ಗವಿಸಿದ್ದಪ್ಪ ಮೊದಲು ಹಿಂದಿನ ಸೀಟಿನ ಫೋಮಿನಿಂದ ಶುರುಮಾಡಿದ. ಒಳಗೆ ಅಡುಗೆಮನೆಯಲ್ಲಿ ಎಲ್ಲಮ್ಮ ದನಿ ಇಳಿಸಿ ಕೇಳುತ್ತಿದ್ದಳು.

"ಅಕ್ಕಾ, ಅದು ಸೊಂಟಕ್ಕ ಬಿಗಿ ಆಗೋದಿಲ್ಲೇನು?"

"ಇಲ್ಲ. ಹಿಂದ ಇಲಾಸ್ಟಿಕ್ ಇಟ್ಟೀನಿ. ನಿನ್ನ ಅಳತಿ ಕೊಡು."

ಎಲ್ಲಮ್ಮ ಅತ್ತಿತ್ತ ನೋಡಿ, ಕಪಾಟಿನಿಂದ ಟೇಪು ತಂದಳು.

ನಾಲ್ಕು ಗಂಟೆಗೆ ಹೊರಟರು. ಊರಿನ ಅಂಚಿನಲ್ಲಿ ಗವಿಸಿದ್ದಪ್ಪ ಬಳ್ಳಾರಿಯ ಹೆದ್ದಾರಿಗೆ ತಿರುಗಲಿದ್ದಾಗ ಕಿವಿಯಲ್ಲಿ ಅವಳ ದನಿ ಬಂತು.

"ಆ ಕಾಲುವಿ ಮಗ್ಗುಲ ಒಂದು ದಾರಿ ಹೊಂಟೈತಲ್ರಿ. ಅದು ಎಲ್ಲಿಗೆ ಹೋಗ್ತೈತಿ?"

"ಗೊತ್ತಿಲ್ಲ. ಅದರಾಗ ಬಸ್ಸು ಹೋಗಂಗಿಲ್ಲ."

"ಈಗ ಬಸ್ಸಿನಾಗ ಇಲ್ಲಲ್ಲ ನಾವು."

ಅವನು ಇಂಡಿಕೇಟರ್ ಆರಿಸಿ ಕಾಲುವೆಯ ಕಡೆ ತಿರುಗಿಸಿದ. ಮಣ್ಣಿನ ದಾರಿ, ಒಂದು ಕಡೆ ನೀರು, ಒಂದು ಕಡೆ ಹೊಸ ನಾಟಿಯ ಗದ್ದೆ. ಮೂರು ಕಿಲೋಮೀಟರು ಹೋದ ಮೇಲೆ ತೂಬಿನ ಹತ್ತಿರ ದಾರಿ ಮುಗಿಯಿತು, ಹಿಂದಕ್ಕೆ ತಿರುಗಬೇಕಾಯಿತು. ಎರಡು ಕಡೆ ದಾರಿ ಕೇಳಿದರು. ಒಂದು ಕಡೆ ತಪ್ಪು ಹೇಳಿದರು. ಮನೆ ಮುಟ್ಟಿದಾಗ ಓಣಿಯಲ್ಲಿ ದೀಪ ಹತ್ತಿತ್ತು. ಚನ್ನವೀರಮ್ಮ ಇಳಿದು, ಸೊಂಟಕ್ಕೆ ಕೈಯಿಟ್ಟು ಹಿಂದಕ್ಕೊಮ್ಮೆ ಬಾಗಿ ನೋಡಿಕೊಂಡಳು.

"ಆರಾಮ ಐತಿ" ಎಂದಳು.